ಭರಮಸಾಗರದ ಪಾಣಿ ಎಲ್ಲಿದೆ?

ಜುಲೈ ಬಂತೆಂದರೆ ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ನಮ್ಮ ಸೇವಾ ಕೇಂದ್ರದ ಮುಂದೆ ಬೆಳಿಗ್ಗೆಯೇ ಸಾಲು. ಮೆಕ್ಕೆಜೋಳಕ್ಕೆ, ಈರುಳ್ಳಿಗೆ ಬೆಳೆ ವಿಮೆ ಕಟ್ಟಲು ಕೊನೆಯ ದಿನ ಹತ್ತಿರವಾಗಿರುತ್ತದೆ. ಅದಕ್ಕೆ ಪಾಣಿ, ಅಂದರೆ ಜಮೀನಿನ ಪಹಣಿ ದಾಖಲೆ ಬೇಕು. ‘ಏನಮ್ಮಾ, ಪಾಣಿ ಬಂತಾ?’ ಎಂದು ಹಿರಿಯರು ಕೇಳುತ್ತಾರೆ. ‘ಸರ್ವರ್ ಇಲ್ಲ ಕಣಜ್ಜ, ಸ್ವಲ್ಪ ತಡೀರಿ’ ಎನ್ನುತ್ತೇನೆ. ಕೂಲಿ ಬಿಟ್ಟು ಬಂದವರಿಗೆ ಅಂದಿನ ದುಡಿಮೆ ಹೋದಂತೆಯೇ. ಆದ್ದರಿಂದ ಈ ಸರ್ವರ್ ಎಲ್ಲಿದೆ, ಏಕೆ ನಿಲ್ಲುತ್ತದೆ, ಯಾವುದರ ಬಲದಿಂದ ನಡೆಯುತ್ತದೆ ಎಂಬುದು ಜಮೀನು ಇರುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು ಎಂದು ನಾನು ನಂಬಿದ್ದೇನೆ.

ಹಿಂದೆ ಪಾಣಿ ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿ ಕೈಬರಹದಲ್ಲಿರುತ್ತಿತ್ತು. ಎರಡು ದಶಕಗಳ ಹಿಂದೆ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಾಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಈಗ ಸರ್ಕಾರಿ ಸೇವೆಗಳು ದತ್ತಾಂಶ ಕೇಂದ್ರಗಳಿಂದ, ಅಂದರೆ ಡೇಟಾ ಸೆಂಟರ್‌ಗಳಿಂದ ನಡೆಯುತ್ತವೆ. ಸಾಲುಸಾಲು ಕಪಾಟುಗಳಲ್ಲಿ ಹಗಲಿರುಳು ಓಡುವ ಕಂಪ್ಯೂಟರ್‌ಗಳು, ಅಂದರೆ ಸರ್ವರ್‌ಗಳು ಇರುವ ಕಟ್ಟಡ ಅದು. ಅಂಥ ಕಂಪ್ಯೂಟರ್‌ಗಳನ್ನು ಇಂಟರ್‌ನೆಟ್ ಮೂಲಕ ದೂರದಿಂದ, ಬೇಕಾದಾಗ ಬೇಕಾದಷ್ಟು ಬಳಸಿಕೊಳ್ಳುವ ವ್ಯವಸ್ಥೆಯೇ ಕ್ಲೌಡ್.

ಈ ವ್ಯವಸ್ಥೆಗೆ ಮಾಹಿತಿಯ ಕಳ್ಳತನವೊಂದೇ ಅಪಾಯವಲ್ಲ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ‘ಕಾವೇರಿ 2.0’ ಪೋರ್ಟಲ್ ಮೇಲೆ ದಾಳಿಯಾಯಿತು. ಕೆಲವೇ ಗಂಟೆಗಳಲ್ಲಿ ಲಕ್ಷಾಂತರ ನಕಲಿ ಕೋರಿಕೆಗಳು ನುಗ್ಗಿದವು. ಕಂಪ್ಯೂಟರ್‌ಗಳು ಅವಕ್ಕೆ ಉತ್ತರಿಸುವುದರಲ್ಲೇ ಸೋತು, ನಿಜವಾಗಿ ಸೇವೆ ಬೇಕಾದವರಿಗೆ ದಾರಿ ಮುಚ್ಚಿತು. ರಾಜ್ಯದಾದ್ಯಂತ ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಜನ ಕಾದು ವಾಪಸ್ಸಾದರು. ಇಂಥ ದಾಳಿ ತಡೆಯಲು ನಕಲಿ ಕೋರಿಕೆಗಳನ್ನು ಬಾಗಿಲಲ್ಲೇ ಸೋಸಬೇಕು. ಒಂದೇ ಖಾತೆಯಿಂದ ಎಷ್ಟು ಸಲ ಕೇಳಬಹುದು ಎಂಬುದಕ್ಕೆ ಮಿತಿ ಹಾಕಬೇಕು.

ಇನ್ನೊಂದು ಅಪಾಯ ಬೆಂಕಿ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ಹತ್ತಿ 709 ಸರ್ಕಾರಿ ವ್ಯವಸ್ಥೆಗಳು ನಿಂತವು. ಹೊರಗೆ ಪ್ರತಿ ಇದ್ದ ದಾಖಲೆಗಳು ಉಳಿದವು. ನೌಕರರು ಕಡತ ಇಡುತ್ತಿದ್ದ 858 ಟೆರಾಬೈಟ್‌ಗಳ ಭಂಡಾರವೊಂದಕ್ಕೆ ಮಾತ್ರ ಬೇರೆಡೆ ಪ್ರತಿಯೇ ಇರಲಿಲ್ಲ, ಅದು ಸುಟ್ಟುಹೋಯಿತು. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶಕ್ಕೇ ಹೀಗಾಯಿತು.

ನಮ್ಮೂರಿನವರಿಗೆ ಇದರ ಪಾಠ ಹೊಸದಲ್ಲ. ಭರಮಸಾಗರದ ದೊಡ್ಡ ಕೆರೆ ಮಳೆಯೊಂದನ್ನೇ ನಂಬಿ ವರ್ಷಗಟ್ಟಲೆ ಒಣಗಿದ್ದನ್ನು ಕಂಡಿದ್ದೇವೆ. ಏತ ನೀರಾವರಿಯಿಂದ ತುಂಗಭದ್ರೆಯ ನೀರು ಬಂದ ಮೇಲೆ ಮಳೆ ಕೈಕೊಟ್ಟರೂ ಧೈರ್ಯವಿದೆ. ದಾಖಲೆಗೂ ಎರಡನೆಯ ಆಸರೆ ಬೇಕು: ಬೇರೆ ಊರಿನಲ್ಲಿ, ಬೇರೆ ವಿದ್ಯುತ್ ಮಾರ್ಗದ ಮೇಲೆ, ಮೊದಲನೆಯದು ಕೆಟ್ಟರೆ ತಾನೇ ಕೆಲಸ ಹಿಡಿಯುವಂಥದ್ದು.

ಕೆರೆ ತುಂಬಿಸುವ ಪಂಪಿನಂತೆ ಸರ್ವರ್‌ಗೂ ಕರೆಂಟ್ ಬೇಕು. ಓಡಲು ಬೇಕು, ಓಡಿ ಕಾದದ್ದನ್ನು ತಣಿಸಲೂ ಬೇಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳು ಬಳಸಿದ್ದು ಸುಮಾರು 41,500 ಕೋಟಿ ಯೂನಿಟ್. ಅದು ಜಗತ್ತಿನ ಒಟ್ಟು ವಿದ್ಯುತ್ ಬಳಕೆಯ ಶೇ 1.5ರಷ್ಟು. ಕೃತಕ ಬುದ್ಧಿಮತ್ತೆಯ ಭರಾಟೆಯಲ್ಲಿ 2030ರ ಹೊತ್ತಿಗೆ ಇದು 94,500 ಕೋಟಿ ಯೂನಿಟ್‌ಗೆ ಏರಬಹುದು.

ರಾಜ್ಯದ ಕರೆಂಟಿನ ಒಂದು ಪಾಲು ನಮ್ಮ ಸೀಮೆಯಲ್ಲೇ ಹುಟ್ಟುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಪಕ್ಕದ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ಗಾಳಿ ಮುಂಗಾರಿನಲ್ಲಿ ಜೋರು, ಬಿಸಿಲು ಹಗಲಿಗೆ ಮಾತ್ರ. ಸರ್ವರ್‌ಗೆ ನಡುರಾತ್ರಿಯೂ ಕರೆಂಟ್ ಬೇಕು. ವಿದ್ಯುತ್ತನ್ನು ಕೂಡಿಡುವ ವ್ಯವಸ್ಥೆ ಬೆಳೆಯದಿದ್ದರೆ ಆ ಹೊತ್ತಿನ ಬೇಡಿಕೆಗೆ ಕಲ್ಲಿದ್ದಲು, ಕರೆಂಟ್ ಹೋದಾಗ ಡೀಸೆಲ್ ಜನರೇಟರ್ ಗತಿಯಾಗುತ್ತದೆ. ತಂಪುಮಾಡಲು ನೀರು ಆವಿಯಾಗಿಸುವ ಕೇಂದ್ರಗಳಿಗೆ ನೀರಿನ ಖರ್ಚೂ ಇದೆ. ಬರಗಾಲ ಕಂಡ ಜಿಲ್ಲೆಯವಳಾಗಿ ಆ ಲೆಕ್ಕವನ್ನೂ ನಾನು ಕೇಳುತ್ತೇನೆ.

ನಮ್ಮ ಪಾಲಿನ ಕೆಲಸವೂ ಇದೆ. ಒಟಿಪಿಯನ್ನು ಫೋನಿನಲ್ಲಿ ಯಾರೇ ಕೇಳಿದರೂ ಹೇಳಬೇಡಿ. ಪಾಣಿಯ ಒಂದು ಮುದ್ರಿತ ಪ್ರತಿಯನ್ನು ಪ್ರತಿ ವರ್ಷ ತೆಗೆದು, ಹೆಸರು, ಸರ್ವೆ ನಂಬರ್, ವಿಸ್ತೀರ್ಣ ನೋಡಿ, ಪತ್ರಗಳ ಜೊತೆ ಇಟ್ಟುಕೊಳ್ಳಿ. ನಮ್ಮಂಥ ಕೇಂದ್ರದವರು ಲಾಗಿನ್ ತೆರೆದಿಟ್ಟು ಎದ್ದು ಹೋಗಬಾರದು.

ಉಳಿದದ್ದು ಸರ್ಕಾರದ ಹೊಣೆ. ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ‘ಭೂ ಸುರಕ್ಷಾ’ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿರುವುದು ಒಳ್ಳೆಯ ಹೆಜ್ಜೆ. ಅದರೊಂದಿಗೆ, ಎರಡನೆಯ ಪ್ರತಿಯಿಂದ ದಾಖಲೆಗಳನ್ನು ಮರಳಿ ತೆಗೆಯುವ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ನಡೆದು, ಅದರ ಫಲಿತಾಂಶ ಜನರಿಗೆ ತಿಳಿಯಬೇಕು. ಸರ್ವರ್ ನಿಂತ ದಿನ ವಿಮೆಯ ಗಡುವೂ ತಾನಾಗಿ ಮುಂದೆ ಹೋಗಬೇಕು. ಯಂತ್ರ ಕೆಟ್ಟದ್ದಕ್ಕೆ ರೈತ ದಂಡ ತೆರಬಾರದು.