ಬೆರಳ ತುದಿಯಲ್ಲಿ ಉಸಿರಿನ ಲೆಕ್ಕ

ಜ್ವರ ಬಂದರೆ ಮೈ ಸುಡುತ್ತದೆ. ಗಾಯವಾದರೆ ನೋವು ಕಾಡುತ್ತದೆ. ಆದರೆ ರಕ್ತದಲ್ಲಿ ಆಮ್ಲಜನಕವು ಕುಗ್ಗಿದಾಗ ಶರೀರವು ಕೆಲವೊಮ್ಮೆ ಯಾವ ಸೂಚನೆಯನ್ನೂ ಕೊಡುವುದಿಲ್ಲ. 2020 ಮತ್ತು 2021ರ ಕೊರೋನಾ ಪಿಡುಗಿನಲ್ಲಿ ಕೆಲವು ರೋಗಿಗಳು ಏದುಸಿರಿಲ್ಲದೆ ಮಾತನಾಡುತ್ತಿದ್ದಾಗಲೇ ಅವರ ಆಮ್ಲಜನಕವು ಅಪಾಯದ ಮಟ್ಟಕ್ಕಿಳಿದಿತ್ತು. ಆ ದಿನಗಳಲ್ಲಿಯೇ ಪಲ್ಸ್ ಆಕ್ಸಿಮೀಟರ್ ಎಂಬ ಪುಟ್ಟ ಉಪಕರಣವು ನಮ್ಮ ಮನೆಗಳನ್ನು ಪ್ರವೇಶಿಸಿತು. ಅದನ್ನು ಕೊಂಡರಷ್ಟೇ ಸಾಲದು. ಅದು ತೋರುವ ಅಂಕಿಯ ಅರ್ಥವನ್ನೂ ಅರಿಯಬೇಕು.

ಇದರ ತತ್ತ್ವವನ್ನು 1974ರಲ್ಲಿ ಪ್ರಕಟಪಡಿಸಿದವರು ಜಪಾನಿನ ಇಂಜಿನಿಯರ್ ತಾಕುವೊ ಅವೊಯಾಗಿ. ಉಪಕರಣವು ಬೆರಳಿನ ಮೂಲಕ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನೂ ಹಾಯಿಸುತ್ತದೆ. ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ ಅವಗೆಂಪನ್ನು ಹೆಚ್ಚು ಹೀರಿದರೆ, ಹೊರದಿರುವುದು ಕೆಂಪನ್ನು ಹೆಚ್ಚು ಹೀರುತ್ತದೆ. ನಾಡಿಯ ಪ್ರತಿ ಮಿಡಿತದೊಡನೆ ಬದಲಾಗುವ ಬೆಳಕಿನಿಂದ ಅಪಧಮನಿಯ ರಕ್ತವನ್ನು ಗುರುತಿಸಿ, ಶೇಕಡಾವಾರು ಅಂಕಿಯನ್ನು ನೀಡುತ್ತದೆ.

ಅಳೆಯುವ ಮುನ್ನ ಐದು ನಿಮಿಷ ವಿಶ್ರಮಿಸಬೇಕು. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ಉಗುರುಬಣ್ಣವಾಗಲೀ ಮೆಹಂದಿಯಾಗಲೀ ಇಲ್ಲದ ಬೆರಳನ್ನು ಆರಿಸಬೇಕು. ಕೈಯನ್ನು ಅಲುಗಿಸದೆ, ಅಂಕಿ ಸ್ಥಿರಗೊಂಡ ಬಳಿಕ ವೇಳೆಯೊಡನೆ ಬರೆದಿಡಬೇಕು.

ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 95ರಿಂದ 100 ಇರುತ್ತದೆ. ಮತ್ತೆ ಮತ್ತೆ ಅಳೆದರೂ 94 ಅಥವಾ ಅದಕ್ಕಿಂತ ಕಡಿಮೆ ಬಂದರೆ ವೈದ್ಯರಿಗೆ ತಿಳಿಸಬೇಕು. 90ಕ್ಕಿಂತ ಕೆಳಗಿಳಿದರೆ ವಿಳಂಬವಿಲ್ಲದೆ ಆಸ್ಪತ್ರೆಗೆ ಹೋಗಬೇಕು. ದೀರ್ಘಕಾಲದ ಶ್ವಾಸಕೋಶರೋಗಿಗಳಿಗೆ ವೈದ್ಯರು ಸೂಚಿಸಿದ ಮಟ್ಟವೇ ಪ್ರಮಾಣ.

ಈ ಉಪಕರಣಕ್ಕೂ ಮಿತಿಗಳುಂಟು. ಕಪ್ಪು ಮೈಬಣ್ಣದವರಲ್ಲಿ ಇದು ಕೆಲವೊಮ್ಮೆ ನಿಜಕ್ಕಿಂತ ಹೆಚ್ಚಿನ ಅಂಕಿ ತೋರುವುದೆಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ಎಚ್ಚರಿಸಿತು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಹೊಗೆ ಅಥವಾ ಗ್ಯಾಸ್ ಗೀಸರಿನಿಂದ ಕಾರ್ಬನ್ ಮಾನಾಕ್ಸೈಡ್ ರಕ್ತವನ್ನು ಸೇರಿದರೂ ಅಂಕಿ ಸಹಜವಾಗಿಯೇ ಕಾಣಬಹುದು. ತೀವ್ರ ರಕ್ತಹೀನತೆಯಲ್ಲಿಯೂ ಅಂಕಿ ಪೂರ್ಣವಿದ್ದು, ರಕ್ತವು ಹೊರುವ ಒಟ್ಟು ಆಮ್ಲಜನಕವು ಕಡಿಮೆಯಿರಬಹುದು.

ಆದಕಾರಣ ಉಸಿರುಗಟ್ಟುವಿಕೆ, ಎದೆನೋವು, ತುಟಿ ನೀಲಿಗಟ್ಟುವುದು, ಮಂಪರು ಇವುಗಳಲ್ಲಿ ಯಾವುದು ಕಂಡರೂ ಅಂಕಿಯನ್ನು ನಂಬಿ ಕಾಯಬಾರದು. ಹಳ್ಳಿಯ ಶಾಲೆಗಾಗಲೀ ಬಡ ಕುಟುಂಬಕ್ಕಾಗಲೀ ಈ ಉಪಕರಣವನ್ನು ದಾನವಾಗಿ ಕೊಡುವ ಮಹನೀಯರು ಅದನ್ನು ಬಳಸುವ ಕ್ರಮವನ್ನೂ ಈ ಎಚ್ಚರಿಕೆಯನ್ನೂ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಜೊತೆಗಿಟ್ಟರೆ, ಆ ದಾನವು ಸಾರ್ಥಕವಾದೀತು.