ಲಿಫ್ಟ್ ಮಾಡಿಸದೆ ಜೀಪಿಗೆ ದೊಡ್ಡ ಟೈರ್ ಹಾಕಿಸಬಹುದೇ?

ಸಕಲೇಶಪುರದ ಕಡೆಯ ಓದುಗರೊಬ್ಬರು ನಮಗೆ ಒಂದು ಪ್ರಶ್ನೆ ಕೇಳಿದ್ದರು. ಅವರ ಬಳಿ ಇರುವುದು ಮಾರುತಿ ಸುಜುಕಿ ಜಿಮ್ನಿ. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಚಕ್ರದ ಜಾಡು ಆಳವಾಗಿ, ನಡುವಿನ ದಿಬ್ಬ ಗಾಡಿಯ ಅಡಿಗೆ ತಾಗುತ್ತದೆ. ಲಿಫ್ಟ್ ಕಿಟ್ ದುಬಾರಿ. ಅದಕ್ಕೆ ಟೈರ್ ಅಂಗಡಿಯವರು, "ಸಸ್ಪೆನ್ಷನ್ ಮುಟ್ಟೋದೇ ಬೇಡ ಸಾರ್, ಟೈರ್ ಸೈಜ್ ಏರಿಸಿ ಸಾಕು, ಗಾಡಿ ಎರಡಿಂಚು ಮೇಲೆ ಬರುತ್ತೆ" ಅಂದರಂತೆ. ಇದು ಎಷ್ಟು ನಿಜ?

ದಿಕ್ಕು ಸರಿ, ಅಳತೆ ತಪ್ಪು. ಮೊದಲು ಸರಿ ಇರುವುದನ್ನು ನೋಡೋಣ.

ಸಸ್ಪೆನ್ಷನ್ ಲಿಫ್ಟ್ ಮಾಡಿಸಿದರೆ ಇಡೀ ಗಾಡಿ ನೆಲದಿಂದ ಮೇಲೇಳುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಜಿಮ್ನಿಗೆ ಹಿಂದೆ ಮುಂದೆ ಎರಡೂ ಕಡೆ ಇರುವುದು ಗಟ್ಟಿ ಆಕ್ಸಲ್. ಎರಡು ಚಕ್ರಗಳ ನಡುವೆ ಒಂದೇ ಕೊಳವೆ, ಅದರಲ್ಲಿ ಉಬ್ಬಿಕೊಂಡಿರುವ ಡಿಫರೆನ್ಷಿಯಲ್ ಗುಂಡು. ಸ್ಪ್ರಿಂಗ್ ಕೂರುವುದು ಈ ಆಕ್ಸಲ್ ಮೇಲೆ. ಸ್ಪ್ರಿಂಗ್ ಉದ್ದ ಮಾಡಿದರೆ ಅದರ ಮೇಲಿರುವ ಚಾಸಿ ಮತ್ತು ಬಾಡಿ ಏರುತ್ತವೆಯೇ ಹೊರತು ಆಕ್ಸಲ್ ಇದ್ದಲ್ಲೇ ಇರುತ್ತದೆ. ಜಾಡಿನ ನಡುವಿನ ದಿಬ್ಬಕ್ಕೆ ಮೊದಲು ತಾಗುವುದೂ ಆ ಡಿಫರೆನ್ಷಿಯಲ್ಲೇ. ಅದನ್ನು ಮೇಲೆತ್ತಲು ಇರುವ ಸುಲಭದ ದಾರಿ ಟೈರ್ ಒಂದೇ. ಹಾಗಾಗಿ ಅಂಗಡಿಯವರು ಟೈರ್ ಕಡೆ ಬೊಟ್ಟು ಮಾಡಿದ್ದು ಸರಿಯೇ.

ಇನ್ನು ಆ ಎರಡಿಂಚಿನ ಲೆಕ್ಕ.

ಟೈರ್ ಪಕ್ಕೆಯ ಮೇಲಿನ ಸಂಖ್ಯೆ ಓದುವುದು ಕಷ್ಟವೇನಲ್ಲ. ಜಿಮ್ನಿಯ ಮೂಲ ಟೈರ್ 195/80 ಆರ್ 15. ಅಂದರೆ ಅಗಲ 195 ಮಿ.ಮೀ., ಪಕ್ಕೆಯ ಎತ್ತರ ಆ ಅಗಲದ ಶೇ. 80, ರಿಮ್ 15 ಇಂಚು. ಪಕ್ಕೆ 156 ಮಿ.ಮೀ. ಆಯಿತು. ರಿಮ್ಮಿನ ಮೇಲೊಂದು ಕೆಳಗೊಂದು ಪಕ್ಕೆ ಸೇರಿ 312, ರಿಮ್ 381, ಒಟ್ಟು ವ್ಯಾಸ 693 ಮಿ.ಮೀ.

ಇದರ ಜಾಗಕ್ಕೆ ಜನ ಹೆಚ್ಚಾಗಿ ಹಾಕಿಸುವ 215/75 ಆರ್ 15 ಟೈರಿನ ವ್ಯಾಸ ಸುಮಾರು 703 ಮಿ.ಮೀ. ಹತ್ತು ಮಿ.ಮೀ. ಹೆಚ್ಚು. ಆದರೆ ಆಕ್ಸಲ್ ಇರುವುದು ಚಕ್ರದ ನಡುವಿನಲ್ಲಿ. ವ್ಯಾಸ ಎಷ್ಟು ಹೆಚ್ಚಿದರೂ ಆಕ್ಸಲ್ ಏರುವುದು ಅದರ ಅರ್ಧ ಮಾತ್ರ. ಇಲ್ಲಿ ಸಿಕ್ಕಿದ್ದು 5 ಮಿ.ಮೀ., ಒಂದು ಪೆನ್ಸಿಲ್ಲಿನ ದಪ್ಪವೂ ಅಲ್ಲ. ಇನ್ನೂ ದೊಡ್ಡದಾದ 235/75 ಆರ್ 15 ಹಾಕಿದರೆ ವ್ಯಾಸ 733 ದಾಟುತ್ತದೆ, ಆಕ್ಸಲ್ 20 ಮಿ.ಮೀ. ಏರುತ್ತದೆ. ಮೂಲ ಗ್ರೌಂಡ್ ಕ್ಲಿಯರೆನ್ಸ್ 210 ಮಿ.ಮೀ. ಇರುವ ಗಾಡಿಗೆ ಇದು ಗುರುತಿಸುವಂಥ ವ್ಯತ್ಯಾಸವೇ. ಎರಡಿಂಚು ಬೇಕೆಂದರೆ ಮಾತ್ರ ವ್ಯಾಸ ನಾಲ್ಕಿಂಚು ಹೆಚ್ಚಬೇಕು. ಅದು ಮಹೀಂದ್ರಾ ಥಾರ್‌ನ 255/65 ಆರ್ 18 ಟೈರಿಗಿಂತಲೂ ದೊಡ್ಡದು!

ನಿಂತಾಗ ತಾಗದ್ದು ತಿರುಗಿದಾಗ ತಾಗುತ್ತದೆ

ಟೈರಿನ ಮೇಲೆ ನಾಲ್ಕು ಬೆರಳು ತೂರಿಸಿ, "ನೋಡಿ, ಎಷ್ಟು ಜಾಗ ಇದೆ" ಎಂದು ತೋರಿಸುವುದನ್ನು ನಾವೂ ನೋಡಿದ್ದೇವೆ. ಅದು ಅಳೆಯಬೇಕಾದ ಜಾಗವಲ್ಲ. ಮುಂದಿನ ಟೈರ್ ಪೂರ್ತಿ ತಿರುಗಿದಾಗ ಅದರ ಹೊರ ಅಂಚು ಬಂಪರಿನ ಮೂಲೆಗೂ ಹಿಂದಿನ ಮಡ್ ಫ್ಲ್ಯಾಪಿಗೂ ಹತ್ತಿರವಾಗುತ್ತದೆ, ಒಳ ಅಂಚು ಆಕ್ಸಲ್ಲನ್ನು ಹಿಡಿದಿರುವ ಕಬ್ಬಿಣದ ತೋಳಿನ ಕಡೆ ಸರಿಯುತ್ತದೆ. ಅದೇ ಹೊತ್ತಿಗೆ ಆ ಚಕ್ರ ಕಲ್ಲಿನ ಮೇಲೆ ಹತ್ತಿದರೆ ಸ್ಪ್ರಿಂಗ್ ಕುಗ್ಗಿ ಟೈರ್ ಮೇಲಕ್ಕೂ ಹೋಗುತ್ತದೆ. ಎರಡೂ ಒಟ್ಟಿಗೆ ಆಗುವುದು ತೋಟದ ದಾರಿಯಲ್ಲೇ, ಅಂಗಡಿಯ ಮುಂದಿನ ಸಿಮೆಂಟ್ ನೆಲದಲ್ಲಲ್ಲ.

ಪರೀಕ್ಷೆ ಹೀಗೆ ಮಾಡಿಸಬಹುದು. ದುಡ್ಡು ಕೊಡುವ ಮೊದಲು ಮುಂದಿನ ಎರಡು ಚಕ್ರಕ್ಕಷ್ಟೇ ಹೊಸ ಟೈರ್ ಹಾಕಿಸಿ. ಒಂದು ಚಕ್ರವನ್ನು ಅಡಿಯೆತ್ತರದ ಗಟ್ಟಿ ದಿಬ್ಬದ ಮೇಲೆ ಹತ್ತಿಸಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಅಡ್ಡ ಕಲ್ಲು ಕೊಡಿ. ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತಿರುವಾಗ ಇನ್ನೊಬ್ಬರು ದೂರದಿಂದ ಟಾರ್ಚ್ ಹಿಡಿದು ನೋಡಲಿ (ಕೈ ಒಳಗೆ ಹಾಕುವುದು ಬೇಡ). ಇನ್ನೊಂದು ಚಕ್ರಕ್ಕೂ ಹೀಗೇ ಮಾಡಿ, ಒಮ್ಮೆ ರಿವರ್ಸಿನಲ್ಲೂ ನೋಡಿ. ಪ್ಲಾಸ್ಟಿಕ್ ಲೈನರ್ ಸವರಿದರೆ ಅದನ್ನು ಸ್ವಲ್ಪ ಕತ್ತರಿಸುವವರಿದ್ದಾರೆ. ಲೋಹಕ್ಕೆ ಅಥವಾ ಬ್ರೇಕ್ ಪೈಪಿಗೆ ತಾಗುವಂತಿದ್ದರೆ ಆ ಸೈಜ್ ಬಿಟ್ಟುಬಿಡಿ.

ಇಲ್ಲಿ ರಿಮ್ಮಿನ ಮಾತೂ ಬರುತ್ತದೆ. ಜಿಮ್ನಿಯ ರಿಮ್ 5.5 ಇಂಚು ಅಗಲ. 215/75ಕ್ಕೆ ಅದು ಸಾಕು. 235/75ಕ್ಕೆ ಕನಿಷ್ಠ 6 ಇಂಚು ಬೇಕು, ಅಂದರೆ ಹೊಸ ರಿಮ್. ಆಫ್‌ಸೆಟ್ ಕಡಿಮೆ ಇರುವ ರಿಮ್ ಕೊಂಡರೆ ಚಕ್ರ ಹೊರಕ್ಕೆ ಚಾಚುತ್ತದೆ. ನೋಡಲು ಚೆನ್ನ. ಆದರೆ ಸ್ಟೀರಿಂಗ್ ತಿರುಗಿಸಿದಾಗ ಟೈರ್ ಇನ್ನೂ ದೊಡ್ಡ ಸುತ್ತು ಹೊಡೆಯುತ್ತದೆ, ಮೊದಲು ತಾಗದ ಬಂಪರಿಗೆ ಈಗ ತಾಗುತ್ತದೆ, ಬೇರಿಂಗಿನ ಮೇಲೂ ಹೊರೆ ಬೀಳುತ್ತದೆ.

ಘಾಟಿ ಇಳಿಯುವಾಗ ಏನಾಗುತ್ತದೆ?

ಟೈರ್ ತಾಗುವುದು ಕಿರಿಕಿರಿ. ನಮಗೆ ಹೆಚ್ಚು ಯೋಚನೆ ಹುಟ್ಟಿಸುವುದು ಇದು. ಪ್ರಶ್ನೆ ಕೇಳಿದವರು ಇದೇ ಗಾಡಿಯಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಾರೆ.

ಟೈರ್ ದೊಡ್ಡದಾದರೆ ಗೇರ್ ಬದಲಿಸಿದ ಹಾಗೆಯೇ. 235/75 ಟೈರಿನ ಒಂದು ಸುತ್ತಿಗೆ ಗಾಡಿ ಶೇ. 5.8ರಷ್ಟು ಹೆಚ್ಚು ದೂರ ಹೋಗುತ್ತದೆ. ಏರುವಾಗ ಎಂಜಿನ್ ಎಳೆಯುವ ಬಲ ಅಷ್ಟರಮಟ್ಟಿಗೆ ತಗ್ಗುತ್ತದೆ. ಜಿಮ್ನಿಯ ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್ ಕೊಡುವುದೇ 134 ನ್ಯೂಟನ್ ಮೀಟರ್ ಟಾರ್ಕ್. ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ ಹಿಡಿದಿಡುವ ಬಲವೂ ಅಷ್ಟೇ ತಗ್ಗುತ್ತದೆ. ಆ ಕೊರತೆಯನ್ನು ಬ್ರೇಕ್ ತುಂಬಬೇಕು. ಬ್ರೇಕಿನ ಡಿಸ್ಕ್ ಮಾತ್ರ ಹಳೆಯದೇ. ಪೆಡಲನ್ನು ಅಷ್ಟೇ ಒತ್ತಿದರೆ ನೆಲದಲ್ಲಿ ಸಿಗುವ ತಡೆ ಶೇ. 5ಕ್ಕಿಂತ ತುಸು ಹೆಚ್ಚೇ ಕಡಿಮೆ, ಏಕೆಂದರೆ ನೆಲ ಈಗ ಚಕ್ರದ ನಡುವಿನಿಂದ ಇನ್ನಷ್ಟು ದೂರ.

ಹಾಗೆಂದು ಬ್ರೇಕೇ ಹಿಡಿಯುವುದಿಲ್ಲ ಎಂದು ಹೆದರಿಸುವುದೂ ಸರಿಯಲ್ಲ. ಒಮ್ಮೆ ಜೋರಾಗಿ ಒತ್ತಿ ನಿಲ್ಲಿಸುವಾಗ ನಿಲ್ಲುವ ದೂರವನ್ನು ನಿರ್ಧರಿಸುವುದು ಬಹುಮಟ್ಟಿಗೆ ಟೈರಿನ ಹಿಡಿತ. ತೊಂದರೆ ಇರುವುದು ಉದ್ದದ ಇಳಿಜಾರಿನಲ್ಲಿ. ಅಲ್ಲಿ ಬ್ರೇಕ್ ಮತ್ತೆ ಮತ್ತೆ ಒತ್ತಿ ಬಿಸಿ ಏರುತ್ತದೆ, ಆಫ್‌ರೋಡ್ ಟೈರಿನ ಹೆಚ್ಚುವರಿ ತೂಕವೂ ಅದಕ್ಕೆ ಸೇರುತ್ತದೆ. 215/75 ಹಾಕಿದವರಿಗೆ ಈ ವ್ಯತ್ಯಾಸ ಶೇ. 1.5 ಮಾತ್ರ. ಅದು ಅನುಭವಕ್ಕೆ ಬರುವುದು ಕಷ್ಟ.

ಮೀಟರಿನ ಕಥೆ ಸ್ವಲ್ಪ ತಮಾಷೆಯದು. ಮೀಟರ್ ಮೊದಲು ಕರಾರುವಾಕ್ಕಾಗಿತ್ತು ಎಂದುಕೊಂಡರೆ, 235/75 ಹಾಕಿದ ಮೇಲೆ ಅದು 80 ತೋರಿಸುವಾಗ ಗಾಡಿ ಓಡುತ್ತಿರುವುದು ಸುಮಾರು 85ರಲ್ಲಿ. "ದೊಡ್ಡ ಟೈರ್ ಹಾಕಿದ ಮೇಲೆ ಮೈಲೇಜ್ ಪೂರ್ತಿ ಬಿದ್ದುಹೋಯ್ತು" ಎನ್ನುವವರ ಲೆಕ್ಕದಲ್ಲೂ ಇದೇ ಎಡವಟ್ಟು. ನಿಜವಾಗಿ 106 ಕಿ.ಮೀ. ಓಡಿದರೆ ಓಡೋಮೀಟರ್ ಬರೆದುಕೊಳ್ಳುವುದು 100. ಲೀಟರಿಗೆ 13 ಬಂತು ಎಂದು ಬೇಸರ ಮಾಡಿಕೊಂಡವರಿಗೆ ನಿಜಕ್ಕೂ ಬಂದಿರುವುದು ಸುಮಾರು 13.8. ಮೈಲೇಜ್ ಇಳಿಯುವುದು ಸುಳ್ಳಲ್ಲ, ಕಾಣುವಷ್ಟು ಇಳಿದಿರುವುದಿಲ್ಲ, ಅಷ್ಟೆ.

ಕಾನೂನಿನಲ್ಲಿ ಏನಿದೆ?

ತಯಾರಕರು ನಿಗದಿಪಡಿಸಿದ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ ಎಂಬುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ತಿರುಳು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂ. ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ಕೆಲವು ಗಾಡಿಗಳಲ್ಲಿ ಕಂಪನಿಯೇ ಬೇರೆ ಬೇರೆ ಮಾದರಿಗೆ ಬೇರೆ ಬೇರೆ ಸೈಜ್ ಕೊಡುತ್ತದೆ. ಭಾರತದಲ್ಲಿ ಮಾರುವ ಜಿಮ್ನಿಗೆ ಎಲ್ಲ ಮಾದರಿಗೂ ಇರುವುದು 195/80 ಒಂದೇ. ಅಪಘಾತವಾದರೆ ವಿಮೆ ಕಂಪನಿಯವರು ಮೊದಲು ಹುಡುಕುವುದೂ ಇಂಥ ಬದಲಾವಣೆಗಳನ್ನೇ.

ಹಾಗಾದರೆ ತೋಟದ ದಾರಿಗೆ ಏನು ಮಾಡುವುದು? ಮೂಲ ಸೈಜಿನಲ್ಲೇ ಆಲ್ ಟೆರೇನ್ ಟೈರ್ ಹಾಕಿಸಿ, ತೂಕದ ಸೂಚ್ಯಂಕ ಹಳೆಯದಕ್ಕಿಂತ ಕಡಿಮೆ ಇರದಂತೆ ನೋಡಿಕೊಳ್ಳಿ ಎಂದು ನಾವು ಹೇಳುತ್ತೇವೆ. ಕೆಸರಿಗೆ ಇಳಿಯುವ ಮುನ್ನ ಗಾಳಿಯನ್ನು 18ರಿಂದ 20 ಪಿಎಸ್ಐಗೆ ಇಳಿಸಿದರೆ ಟೈರ್ ನೆಲದ ಮೇಲೆ ಉದ್ದಕ್ಕೆ ಹರಡಿ ಹಿಡಿತ ಹೆಚ್ಚುತ್ತದೆ. ಹೀಗೆ ಇಳಿಸಿದಾಗ ನಿಧಾನವಾಗಿಯೇ ಓಡಿಸಬೇಕು, ಡಾಂಬರು ರಸ್ತೆಗೆ ಬರುವ ಮುನ್ನ ಮತ್ತೆ ತುಂಬಿಸಬೇಕು. ಅದಕ್ಕೊಂದು ಸಣ್ಣ ಕಂಪ್ರೆಸರ್ ಗಾಡಿಯಲ್ಲಿರಲಿ. ದಿಬ್ಬ ತಾಗುವುದು ಇದರಿಂದ ತಪ್ಪುವುದಿಲ್ಲ. ಅದಕ್ಕೆ ಎರಡು ಬುಟ್ಟಿ ಜಲ್ಲಿ ತಂದು ಜಾಡು ತುಂಬಿಸುವುದೇ ಅಗ್ಗ.

ಇಷ್ಟು ಓದಿಯೂ ಸೈಜ್ ಏರಿಸಲೇಬೇಕು ಅನ್ನಿಸಿದರೆ ಹಿಂಬಾಗಿಲಿನ ಸ್ಟೆಪ್ನಿ ಸೇರಿಸಿ ಐದಕ್ಕೈದೂ ಟೈರ್ ಬದಲಿಸಿ. ಜಿಮ್ನಿಯನ್ನು ಫೋರ್ ವೀಲ್ ಡ್ರೈವಿಗೆ ಹಾಕಿದಾಗ ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ, ನಡುವೆ ಡಿಫರೆನ್ಷಿಯಲ್ ಇಲ್ಲ. ಪಂಕ್ಚರ್ ಆದ ದಿನ ಹಳೆಯ ಚಿಕ್ಕ ಸ್ಟೆಪ್ನಿ ಹಾಕಿ ಫೋರ್ ವೀಲ್ ಡ್ರೈವಿನಲ್ಲೇ ಗಟ್ಟಿ ನೆಲದ ಮೇಲೆ ಓಡಿಸಿದರೆ ಗೇರುಗಳು ಒಂದನ್ನೊಂದು ತಿರುಚುತ್ತವೆ.