ವೇಗವರ್ಧಿತ ವರ್ಚುವಲ್ ಸ್ವಿಚ್

ಪ್ರಶ್ನೆ: ವರ್ಚುವಲ್ ಸ್ವಿಚ್ಚಿಗೆ ವೇಗ ತುಂಬುವುದು ಹೇಗೆ? (ಓದುಗರೊಬ್ಬರು, ಕೊಪ್ಪ)

ಉತ್ತರ: ಕೊಪ್ಪ, ಶೃಂಗೇರಿ ಅಥವಾ ನರಸಿಂಹರಾಜಪುರದಲ್ಲಿ ಯಾರಾದರೂ ಆನ್‌ಲೈನಿನಲ್ಲಿ ಪಹಣಿ ಕೇಳಿದರೆ, ಆ ಕೋರಿಕೆಯು ಪ್ಯಾಕೆಟ್ಟುಗಳೆಂಬ ಸಣ್ಣ ತುಣುಕುಗಳಾಗಿ ದೂರದ ದತ್ತಾಂಶ ಕೇಂದ್ರವನ್ನು ಮುಟ್ಟುತ್ತದೆ. ಇಂಥ ಕೇಂದ್ರಗಳಲ್ಲಿ ಒಂದೇ ಸರ್ವರನ್ನು ಹಲವು ವರ್ಚುವಲ್ ಯಂತ್ರಗಳಾಗಿ ವಿಭಜಿಸುವುದು ಇಂದು ವಾಡಿಕೆಯಾಗಿದ್ದು, ಯಾವ ಪ್ಯಾಕೆಟ್ಟು ಯಾವ ಯಂತ್ರಕ್ಕೆ ಸಲ್ಲಬೇಕೆಂದು ನಿರ್ಧರಿಸುವ ತಂತ್ರಾಂಶವೇ ವರ್ಚುವಲ್ ಸ್ವಿಚ್.

ಸಾಮಾನ್ಯ ವಿಧಾನದಲ್ಲಿ ನೆಟ್‌ವರ್ಕ್ ಕಾರ್ಡು ಪ್ರೊಸೆಸರಿನ ಕೆಲಸವನ್ನು ತಡೆದು ಪ್ಯಾಕೆಟ್ಟು ಬಂದುದನ್ನು ತಿಳಿಸುತ್ತದೆ. ಬಳಿಕ ಪ್ಯಾಕೆಟ್ಟು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ಲನ್ನು ಹಾದು ಸಾಗುತ್ತದೆ. ಆದರೆ 10 ಗಿಗಾಬಿಟ್ ಮಾರ್ಗದಲ್ಲಿ 64 ಬೈಟಿನ ಪ್ಯಾಕೆಟ್ಟುಗಳು ಸೆಕೆಂಡಿಗೆ ಸುಮಾರು 1.49 ಕೋಟಿಯಷ್ಟು ಬರಬಹುದಾದ್ದರಿಂದ ಒಂದೊಂದಕ್ಕೂ ದೊರೆಯುವುದು ಸುಮಾರು 67 ನ್ಯಾನೊಸೆಕೆಂಡು ಮಾತ್ರ, ಅಷ್ಟರಲ್ಲಿ ಕರ್ನೆಲ್ಲಿನ ಸುತ್ತುದಾರಿ ಮುಗಿಯದು. ಅದಕ್ಕಾಗಿ ಓಪನ್ ವಿಸ್ವಿಚ್ ಎಂಬ ಮುಕ್ತ ವರ್ಚುವಲ್ ಸ್ವಿಚ್ ತಂತ್ರಾಂಶಕ್ಕೆ, ಪ್ಯಾಕೆಟ್ಟುಗಳನ್ನು ವೇಗವಾಗಿ ನಿರ್ವಹಿಸುವ ಡಿಪಿಡಿಕೆ ಎಂಬ ತಂತ್ರಾಂಶ ಸಂಗ್ರಹವನ್ನು ಜೋಡಿಸಿ, ಪ್ರೊಸೆಸರಿನ ಕೆಲವು ಕೋರುಗಳನ್ನು ಇದಕ್ಕೇ ಮೀಸಲಿಟ್ಟು, ಅವು ಕರ್ನೆಲ್ಲಿನ ಹಂಗಿಲ್ಲದೆ ಕಾರ್ಡನ್ನು ಸದಾ ತಾವೇ ಪರಿಶೀಲಿಸುತ್ತಿರುವಂತೆ ಮಾಡಲಾಗುತ್ತದೆ. ಅಳವಡಿಸುವವರು 4 ಕಿಲೋಬೈಟಿನ ಮೆಮೊರಿ ಪುಟಗಳ ಬದಲು 2 ಮೆಗಾಬೈಟು ಅಥವಾ 1 ಗಿಗಾಬೈಟಿನ ಪುಟಗಳನ್ನು ಕಾಯ್ದಿರಿಸಬೇಕು. ಕಾರ್ಡು ಮತ್ತು ಕೋರುಗಳು ಒಂದೇ ಸಾಕೆಟ್ಟಿಗೆ ಸೇರಿವೆಯೇ ಎಂಬುದನ್ನು ಮರೆಯದೆ ನೋಡಬೇಕು, ಏಕೆಂದರೆ ಗಳಿಸಿದ ವೇಗ ಸೋರಿಹೋಗುವುದು ಹೆಚ್ಚಾಗಿ ಇಲ್ಲಿಯೇ.

ಒಂದೂ ಪ್ಯಾಕೆಟ್ಟು ಬಾರದಿದ್ದಾಗಲೂ ಮೀಸಲು ಕೋರುಗಳು ಸಾಮಾನ್ಯವಾಗಿ ಪೂರ್ಣವಾಗಿ ದುಡಿಯುತ್ತಲೇ ಇರುವುದರಿಂದ, ಈ ವ್ಯವಸ್ಥೆ ದೊಡ್ಡ ದತ್ತಾಂಶ ಕೇಂದ್ರಗಳಿಗೂ ದೂರಸಂಪರ್ಕ ಜಾಲಗಳಿಗೂ ತಕ್ಕುದೇ ಹೊರತು ತಾಲ್ಲೂಕು ಮಟ್ಟದ ಸಣ್ಣ ಸರ್ವರಿಗೆ ಬೇಕಿಲ್ಲ.